ಎಂಬತ್ತು ತುಂಬಿದ್ದು ಪಿಂಚಣಿ ಆದೇಶಕ್ಕೆ ಗೊತ್ತಿರಲಿಲ್ಲ

ಕೇಂದ್ರ ಸರ್ಕಾರದ ಪಿಂಚಣಿ ತಗೊಳ್ಳುವವರಿಗೆ 80 ವರ್ಷ ತುಂಬಿದರೆ ಮೂಲ ಪಿಂಚಣಿಯ ಮೇಲೆ ಶೇ 20 ಜಾಸ್ತಿ ಸಿಗುತ್ತದೆ. 85ಕ್ಕೆ ಶೇ 30, 90ಕ್ಕೆ ಶೇ 40, 95ಕ್ಕೆ ಶೇ 50. ನೂರು ಮುಟ್ಟಿದರೆ ಪಿಂಚಣಿ ಡಬಲ್. ಆರನೇ ವೇತನ ಆಯೋಗದ ಶಿಫಾರಸಿನ ಮೇಲೆ 2006ರ ಜನವರಿ 1ರಿಂದ ಈ ನಿಯಮ ಇದೆ. ಗಂಡ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ತಗೊಳ್ಳುವ ಹೆಂಡತಿಗೂ ಇದೇ ಲೆಕ್ಕ.

ನಮ್ಮತ್ತೆಗೆ ಅದು ಸಿಗುತ್ತಿರಲಿಲ್ಲ. ಮೂರು ವರ್ಷಕ್ಕೂ ಮೇಲ್ಪಟ್ಟು ಪ್ರತಿ ತಿಂಗಳೂ ಕಮ್ಮಿ ಬರುತ್ತಿತ್ತು. ಅದನ್ನು ವಾಪಸ್ ತರಿಸಿದ ಕಥೆ ಇದು. ಇಲಾಖೆ ಯಾವುದು, ಬ್ಯಾಂಕ್ ಯಾವುದು ಅಂತ ಹೇಳುವುದಿಲ್ಲ. ಹೇಳಿ ಪ್ರಯೋಜನವೂ ಇಲ್ಲ, ಯಾಕಂದರೆ ಬೇರೆ ಇಲಾಖೆ, ಬೇರೆ ಬ್ಯಾಂಕಿನಲ್ಲೂ ಇದೇ ಆಗುತ್ತಿದೆ.

ನಮ್ಮ ಮಾವ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ಸೇರಿ, ಬೆಂಗಳೂರಿನಲ್ಲೇ 1998ರಲ್ಲಿ ನಿವೃತ್ತರಾದರು. ಆಮೇಲೆ ಹಾಸನಕ್ಕೆ ಬಂದು ಸಾಲಗಾಮೆ ರಸ್ತೆ ಕಡೆ ಮನೆ ಮಾಡಿದರು. 2009ರಲ್ಲಿ ತೀರಿಕೊಂಡರು. ಅಲ್ಲಿಂದ ಅತ್ತೆಗೆ ಕುಟುಂಬ ಪಿಂಚಣಿ. ಏಳನೇ ವೇತನ ಆಯೋಗದ ಪರಿಷ್ಕರಣೆ ಎಲ್ಲ ಆದ ಮೇಲೆ ಮೂಲ ಪಿಂಚಣಿ 10,620 ರೂಪಾಯಿಗೆ ನಿಂತಿತ್ತು. ಅದರ ಮೇಲೆ ತುಟ್ಟಿಭತ್ಯೆ. ಹಾಸನದಲ್ಲಿ ಕೇಂದ್ರ ಸರ್ಕಾರದ ಸಿಜಿಎಚ್‌ಎಸ್ ಆಸ್ಪತ್ರೆ ಇಲ್ಲದ್ದಕ್ಕೆ ತಿಂಗಳಿಗೆ 1,000 ರೂಪಾಯಿ ವೈದ್ಯಕೀಯ ಭತ್ಯೆ. ಗಂಡನಿಗೆ ಅಂಗಡಿ ಬಿಟ್ಟು ಬರಲು ಆಗುವುದಿಲ್ಲ. ನಾನು ಮನೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುವವಳು. ಹಾಗಾಗಿ ಅತ್ತೆಯ ಪಾಸ್‌ಬುಕ್ ನನ್ನ ಬೀರುವಿನಲ್ಲೇ ಇರುತ್ತದೆ.

ವಿಷಯ ಬೆಳಕಿಗೆ ಬಂದ ರೀತಿ ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಪಿಂಚಣಿದಾರರು ತಾವು ಬದುಕಿದ್ದೇವೆ ಅಂತ ಪ್ರತಿ ನವೆಂಬರ್‌ನಲ್ಲಿ ಜೀವನ ಪ್ರಮಾಣ ಪತ್ರ ಕೊಡಬೇಕು. 80 ದಾಟಿದವರು ಮಾತ್ರ ಅಕ್ಟೋಬರ್ 1ರಿಂದಲೇ ಕೊಡಬಹುದು, ಆ ರಿಯಾಯಿತಿ 2019ರಿಂದ ಇದೆ. 2024ರ ಅಕ್ಟೋಬರ್‌ನಲ್ಲಿ, ಹಾಸನಾಂಬೆ ದರ್ಶನದ ಗದ್ದಲ ಶುರುವಾಗುವ ಮುಂಚೆ, ಬೇರೇನೋ ಕೆಲಸಕ್ಕೆ ಅತ್ತೆಯನ್ನು ಕರಕೊಂಡು ಬ್ಯಾಂಕಿಗೆ ಹೋಗಿದ್ದೆ. ಕೌಂಟರಿನಲ್ಲಿದ್ದ ಹುಡುಗ ಕಂಪ್ಯೂಟರ್ ನೋಡಿ, "ಅಜ್ಜಿ, ನಿಮಗೆ ಎಂಬತ್ತಾಗಿದೆಯಲ್ಲ, ಜೀವನ ಪ್ರಮಾಣ ಪತ್ರ ಈಗಲೇ ಕೊಟ್ಟುಬಿಡಿ. ನವೆಂಬರ್‌ನಲ್ಲಿ ಬಂದು ಸುಮ್ನೆ ಯಾಕೆ ನಿಲ್ತೀರಾ" ಅಂದ. ಒಳ್ಳೆಯ ಹುಡುಗ. ಬೆರಳಚ್ಚು ತಗೊಂಡ, ಕುರ್ಚಿ ಹಾಕಿಸಿದ.

ನಾನು ಅಲ್ಲೇ ಕೇಳಿದೆ. "ಎಂಬತ್ತಾದ್ರೆ ಪಿಂಚಣಿನೂ ಜಾಸ್ತಿ ಆಗ್ಬೇಕಲ್ವಾ?" ಟ್ಯೂಷನ್ನಿಗೆ ಬರುವ ಹುಡುಗಿಯೊಬ್ಬಳ ಅಜ್ಜನಿಗೆ ಹಾಗೆ ಜಾಸ್ತಿಯಾಗಿದ್ದು ನನಗೆ ಗೊತ್ತಿತ್ತು. ಹುಡುಗ ಪಿಂಚಣಿ ಚೀಟಿ ಪ್ರಿಂಟ್ ಮಾಡಿಕೊಟ್ಟ. ಮೂಲ ಪಿಂಚಣಿ, ತುಟ್ಟಿಭತ್ಯೆ, ವೈದ್ಯಕೀಯ ಭತ್ಯೆ. ಹೆಚ್ಚುವರಿ ಪಿಂಚಣಿ ಅನ್ನುವ ಸಾಲಿನ ಮುಂದೆ ಸೊನ್ನೆ.

ಅಂದರೆ, ಅಕ್ಟೋಬರ್‌ನಲ್ಲಿ ಬೆರಳೊತ್ತುವಷ್ಟು ವಯಸ್ಸು ಅತ್ತೆಗೆ ಆಗಿದೆ. ಆ ವಯಸ್ಸಿನ ದುಡ್ಡು ತಗೊಳ್ಳುವಷ್ಟು ಆಗಿಲ್ಲ. ಒಂದೇ ಬ್ಯಾಂಕು, ಒಂದೇ ಕೌಂಟರು.

ಕಾರಣ ಏನು ಅಂತ ತಿಳಿಯಲು ಸ್ವಲ್ಪ ಓಡಾಡಬೇಕಾಯಿತು. ಬ್ಯಾಂಕಿನ ಶಾಖೆಯಲ್ಲಿ ಪಿಂಚಣಿ ಲೆಕ್ಕ ಹಾಕುವುದೇ ಇಲ್ಲ. ಪಿಂಚಣಿ ಕೊಡುವ ಬ್ಯಾಂಕುಗಳಿಗೆ ಸಿಪಿಪಿಸಿ ಅನ್ನುವ ಪಿಂಚಣಿ ಕೇಂದ್ರ ಇರುತ್ತದೆ, ಲೆಕ್ಕವೆಲ್ಲ ಅಲ್ಲಿ. ಆ ಕೇಂದ್ರ ನೋಡುವುದು ಪಿಪಿಒ ಅನ್ನುವ ಪಿಂಚಣಿ ಪಾವತಿ ಆದೇಶವನ್ನು ಮಾತ್ರ. ಶಾಖೆಯ ಕಂಪ್ಯೂಟರಿನಲ್ಲಿ ಖಾತೆಗೆ ಜೋಡಿಸಿದ ಆಧಾರ್ ವಯಸ್ಸು ಇದ್ದರೂ ಅದು ಇವರಿಗೆ ಲೆಕ್ಕಕ್ಕಿಲ್ಲ. ಮಾವನ ಪಿಪಿಒ 1998ರದ್ದು. ಅದರಲ್ಲಿ ಮಾವನ ಹುಟ್ಟಿದ ದಿನಾಂಕ ಇದೆ. ಕುಟುಂಬ ಪಿಂಚಣಿಗೆ ಅರ್ಹರು ಅನ್ನುವ ಕಡೆ ಅತ್ತೆಯ ಹೆಸರಿದೆ, ಪಕ್ಕದಲ್ಲಿ 'ಪತ್ನಿ' ಅಂತಿದೆ, ಅಷ್ಟೇ. ದಿನಾಂಕ ಇಲ್ಲ. ಆಗ ಅದರ ಅವಶ್ಯಕತೆಯೂ ಇರಲಿಲ್ಲ, ವಯಸ್ಸಿನ ಮೇಲೆ ಹೆಚ್ಚುವರಿ ಕೊಡುವ ನಿಯಮ ಬಂದಿದ್ದೇ ಆಮೇಲೆ. ಹಳೇ ಪಿಪಿಒ ಇರುವ ವಿಧವೆಯರಲ್ಲಿ ತುಂಬಾ ಜನಕ್ಕೆ ಈ ದುಡ್ಡು ತಪ್ಪುವುದು ಇಲ್ಲೇ. ಮಾವ ಬದುಕಿದ್ದಿದ್ದರೆ ಅವರಿಗೆ 80 ಆದ ತಿಂಗಳು ತಾನಾಗಿ ಜಾಸ್ತಿ ಆಗುತ್ತಿತ್ತು.

ಮನೆಗೆ ಬಂದು ಅತ್ತೆಗೆ ಹೇಳಿದೆ. "ಸರ್ಕಾರದೋರಿಗೆ ನಾನು ಬದ್ಕಿದೀನಿ ಅಂತ ಗೊತ್ತು, ಮುದುಕಿ ಆಗಿದೀನಿ ಅಂತ ಗೊತ್ತಿಲ್ವೇನೇ?" ಅಂದರು. ಆಮೇಲೆ, "ಹೋಗ್ಲಿ ಬಿಡೇ, ಬರೋದು ಬಂದೇ ಬರ್ತದೆ" ಅಂತಲೂ ಅಂದರು. ನಾನು ಬಿಡಲಿಲ್ಲ. ಅವರು ಇರುವಾಗಲೇ ಅವರ ದುಡ್ಡು ಅವರ ಕೈಗೆ ಬರಬೇಕು ಅಂತ ನನಗೆ ಹಟ. ನಾಳೆ ಅವರಿಲ್ಲ ಅಂದರೆ ಇದೇ ಬಾಕಿಗೆ ವಾರಸುದಾರರ ಕಾಗದ, ಎಲ್ಲರ ಸಹಿ, ಬೇರೆಯದೇ ಸಂತೆ. ಅಷ್ಟು ಹೊತ್ತಿಗೆ ದುಡ್ಡು ಯಾರಿಗೆ ಬೇಕಿತ್ತೋ ಅವರೇ ಇರುವುದಿಲ್ಲ.

ಇನ್ನೊಂದು ತೊಡಕು. ಅತ್ತೆ ಹುಟ್ಟಿದ್ದು ಯಾವಾಗ?

ಆಧಾರ್‌ನಲ್ಲಿ 1944ರ ಜನವರಿ 1 ಅಂತಿದೆ. ನಮ್ಮ ಕಡೆ ಒಂದು ತಲೆಮಾರಿನ ಎಷ್ಟೋ ಜನ ಆಧಾರ್ ಪ್ರಕಾರ ಜನವರಿ 1ರಂದೇ ಹುಟ್ಟಿದ್ದಾರೆ. ಕ್ಯಾಂಪಿನಲ್ಲಿ ಕೂತಿದ್ದವರು ವಯಸ್ಸು ಎಷ್ಟು ಅಂತ ಕೇಳಿ, ಹೇಳಿದ್ದನ್ನು ಕಳೆದು ಬರೆದರು. ಪ್ಯಾನ್ ಕಾರ್ಡಿನಲ್ಲಿ 1941ರ ಜೂನ್ 10. ಅದು ಠೇವಣಿ ಇಡುವಾಗ ಮಾವ ಮಾಡಿಸಿದ್ದು, ಅತ್ತೆಯ ಶಾಲೆಯ ಟಿಸಿ ಕೊಟ್ಟು. ಅತ್ತೆಯನ್ನೇ ಕೇಳಿದರೆ, "ಯುಗಾದಿ ಆಗಿ ಹೊನ್ನಾರು ಹೂಡಿದ್ರಂತೆ, ಆ ವಾರ" ಅನ್ನುತ್ತಾರೆ. ಅಂದರೆ ಮಾರ್ಚ್ ಕೊನೆ ಅಥವಾ ಏಪ್ರಿಲ್. ಜೂನ್ ಎಲ್ಲಿಂದ ಬಂತು? ಶಾಲೆ ಶುರುವಾಗುವುದು ಜೂನ್‌ನಲ್ಲಿ. ಮಗು ಸೇರುವ ದಿನಕ್ಕೆ ವಯಸ್ಸು ಸರಿಹೋಗುವ ಹಾಗೆ ಮೇಷ್ಟ್ರು ಒಂದು ತಾರೀಖು ಬರೆದುಕೊಂಡಿರಬೇಕು. ಅಂತೂ ಸರ್ಕಾರಿ ಕಾಗದದಲ್ಲಿ ಅತ್ತೆ ಎರಡು ಸಲ ಹುಟ್ಟಿದ್ದಾರೆ, ಎರಡೂ ಬೇರೆಯವರ ಅಂದಾಜು.

ಇದು ತಮಾಷೆಯ ಮಾತಲ್ಲ, ದುಡ್ಡಿನ ಮಾತು. 80 ತುಂಬುವ ತಿಂಗಳ ಮೊದಲನೇ ತಾರೀಖಿನಿಂದ ಹೆಚ್ಚುವರಿ ಸಿಗುತ್ತದೆ. ಪ್ಯಾನ್ ಪ್ರಕಾರ ಅದು 2021ರ ಜೂನ್ 1. ಆಧಾರ್ ಪ್ರಕಾರ 2024ರ ಜನವರಿ 1. ಕೊನೆಗೆ ಬಾಕಿ ಬಂದಾಗ ನಾನು ಎರಡೂ ಲೆಕ್ಕ ಹಾಕಿ ನೋಡಿದೆ. ಒಂದರಲ್ಲಿ 1 ಲಕ್ಷದ 35 ಸಾವಿರ ಚಿಲ್ಲರೆ, ಇನ್ನೊಂದರಲ್ಲಿ 45 ಸಾವಿರ ಚಿಲ್ಲರೆ. ಅಷ್ಟು ವ್ಯತ್ಯಾಸ.

ಹಳೇಬೀಡಿನ ಹತ್ತಿರ ಅತ್ತೆಯ ತವರೂರು. ಅಲ್ಲಿನ ಸರ್ಕಾರಿ ಶಾಲೆಗೆ ಹೋದೆವು. ಮುಖ್ಯ ಶಿಕ್ಷಕರು ಪಾಪ, ಹಳೇ ದಾಖಲಾತಿ ಪುಸ್ತಕಗಳ ಟ್ರಂಕನ್ನೇ ಹೊರಗೆ ಎಳೆದರು. ಒಂದೊಂದು ಪುಟಕ್ಕೂ ಗೆದ್ದಲು ದಾರಿ ಮಾಡಿಕೊಂಡಿತ್ತು. ಅತ್ತೆಯ ಹೆಸರು ಸಿಕ್ಕಿತು, ಅವರಪ್ಪನ ಹೆಸರು ಸಿಕ್ಕಿತು, 10-6-1941 ಅಂತ ನೀಲಿ ಶಾಯಿಯಲ್ಲಿ ಇತ್ತು. ಅತ್ತೆಗೆ ತಾರೀಖಿಗಿಂತ ಕೆಳಗಿನ ಸಾಲಿನ ಹೆಸರುಗಳೇ ಮುಖ್ಯವಾದವು. "ಇವ್ಳು ನನ್ನ ಜೊತೆಗಾತಿ, ಇವ್ನು ಎಮ್ಮೆ ಕಾಯಕ್ಕೆ ಹೋಗಿ ಶಾಲೆ ಬಿಟ್ಟ" ಅಂತ ಶುರುಮಾಡಿದರು. ಮುಖ್ಯ ಶಿಕ್ಷಕರೂ ಕೂತು ಕೇಳಿದರು. ದಾಖಲಾತಿಯ ದೃಢೀಕೃತ ನಕಲು ಕೊಟ್ಟರು.

ಆಮೇಲೆ ಬೆಂಗಳೂರು. ಅರ್ಜಿ ಕೊಡಬೇಕಾದ್ದು ಮಾವ ಕೊನೆಗೆ ಕೆಲಸ ಮಾಡಿದ ಕಚೇರಿಗೆ. ಕುಣಿಗಲ್ ಮೇಲಿನ ರೈಲು ಆದ ಮೇಲೆ ಹಾಸನದವರಿಗೆ ಬೆಂಗಳೂರು ಹತ್ತಿರವಾಗಿದೆ, ಆದರೂ ಒಂದು ದಿನ ಪೂರ್ತಿ ಹೋಗುತ್ತದೆ. ಅರ್ಜಿಯ ಜೊತೆ ಪಿಪಿಒ ನಕಲು, ಮಾವನ ಮರಣ ಪ್ರಮಾಣ ಪತ್ರ, ಅತ್ತೆಯ ಪ್ಯಾನ್, ಆಧಾರ್, ಶಾಲೆಯ ನಕಲು, ಪಾಸ್‌ಬುಕ್ಕಿನ ಮೊದಲ ಪುಟ, ನೋಟರಿ ಮಾಡಿಸಿದ ಪ್ರಮಾಣ ಪತ್ರ.

ಗುಮಾಸ್ತರು ಎಲ್ಲ ತಿರುವಿ ನೋಡಿ, "ಮೇಡಂ, ಆಧಾರ್ ಪ್ರಕಾರ ಮಾಡಿಬಿಡೋಣ. ಈಗ ಎಲ್ಲಾ ಆಧಾರೇ. ಎರಡು ಡೇಟ್ ಇದ್ರೆ ಆಡಿಟ್‌ನಲ್ಲಿ ಸಿಕ್ಕಾಕೊಳ್ತೀವಿ" ಅಂದರು. ಹೇಳುವ ಧಾಟಿ ಎಷ್ಟು ಸಲೀಸಾಗಿತ್ತು ಅಂದರೆ ಯಾರಾದರೂ ಹೂಂ ಅಂದುಬಿಡುತ್ತಿದ್ದರು. ಬಂದರೆ ಸಾಕಪ್ಪ ಅನ್ನಿಸುವಂಥ ಹೊತ್ತು ಅದು. ಆದರೆ ಪಿಂಚಣಿ ಇಲಾಖೆಯ ಆದೇಶದಲ್ಲಿ ಕುಟುಂಬ ಪಿಂಚಣಿದಾರರ ವಯಸ್ಸಿಗೆ ಯಾವ ಯಾವ ದಾಖಲೆ ಒಪ್ಪಬಹುದು ಅಂತ ಪಟ್ಟಿ ಇದೆ. ಪ್ಯಾನ್, ಮೆಟ್ರಿಕ್ಯುಲೇಷನ್ ಪ್ರಮಾಣ ಪತ್ರ, ಪಾಸ್‌ಪೋರ್ಟ್ ಎಲ್ಲ ಅದರಲ್ಲಿವೆ. ನಾನು ಅದರ ಪ್ರಿಂಟ್ ತಗೊಂಡು ಹೋಗಿದ್ದೆ. ಅದನ್ನು ಮುಂದಿಟ್ಟು, ಇನ್ನೊಂದು ಕೇಳಿದೆ. "ಸರ್, ಮಾವನ ಪಿಂಚಣಿ ಕಡತದಲ್ಲಿ ಫಾರಂ 3 ಇರ್ಬೇಕಲ್ವಾ?"

ಆಗ ಕೇಂದ್ರ ಸರ್ಕಾರದ ನೌಕರರು ತಮ್ಮ ಕುಟುಂಬದ ವಿವರ ಬರೆದು ಕೊಡುತ್ತಿದ್ದ ನಮೂನೆ ಅದು. ಹೆಂಡತಿ, ಮಕ್ಕಳು, ಹುಟ್ಟಿದ ದಿನಾಂಕ, ಸಂಬಂಧ. ಮಾವ ಕಾಗದದ ವಿಷಯದಲ್ಲಿ ಭಾರಿ ಕಟ್ಟುನಿಟ್ಟು, ಕರೆಂಟ್ ಬಿಲ್ಲನ್ನೂ ಇಸವಿವಾರು ಕಟ್ಟಿಟ್ಟವರು. ಅವರು ತುಂಬದೆ ಬಿಟ್ಟಿರಲಿಕ್ಕಿಲ್ಲ ಅಂತ ನನ್ನ ನಂಬಿಕೆ.

ಗುಮಾಸ್ತರಿಗೆ ಹಳೇ ಕಡತ ಹುಡುಕಿಸುವ ಮನಸ್ಸಿರಲಿಲ್ಲ. ರೆಕಾರ್ಡ್ ರೂಮ್ ಬೇರೆ ಕಟ್ಟಡದಲ್ಲಿದೆ ಅಂದರು, ಆಳಿಲ್ಲ ಅಂದರು. ಅರ್ಜಿಗೆ ಸ್ವೀಕೃತಿ ಮೊಹರು ಹಾಕಿಸಿಕೊಂಡು ಬಂದೆ. ಅದಾದ ಮೇಲೆ ತುಂಬಾ ದಿನ ಏನೂ ಇಲ್ಲ. ಫೋನ್ ಎತ್ತಿದರೆ "ಪ್ರೋಸೆಸ್‌ನಲ್ಲಿದೆ".

ಕೇಂದ್ರ ಸರ್ಕಾರದ ಪಿಂಚಣಿ ದೂರುಗಳಿಗೆ ಸಿಪೆನ್‌ಗ್ರಾಮ್ಸ್ ಅನ್ನುವ ಪೋರ್ಟಲ್ ಇದೆ. ಮೊದಲು ಬ್ಯಾಂಕಿನ ಮೇಲೆ ಹಾಕಿದೆ, ದುಡ್ಡು ಹಾಕಬೇಕಾದವರು ಅವರೇ ಅಂತ. ಬ್ಯಾಂಕಿನವರು ಬೇಗನೇ ದೂರು ಮುಚ್ಚಿದರು. 'ಪಿಪಿಒದಲ್ಲಿ ಕುಟುಂಬ ಪಿಂಚಣಿದಾರರ ಜನ್ಮ ದಿನಾಂಕ ನಮೂದಾಗಿಲ್ಲ, ಸಂಬಂಧಪಟ್ಟ ಇಲಾಖೆಯಿಂದ ತಿದ್ದುಪಡಿ ಆದೇಶ ಬಂದರೆ ಪಾವತಿಸುತ್ತೇವೆ' ಅಂತ ಉತ್ತರ. ಓದಿದಾಗ ಸಿಟ್ಟು ಬಂತು. ಆಮೇಲೆ ನೋಡಿದರೆ ನನಗೆ ಬೇಕಾಗಿದ್ದು ಅದೇ. ತಮ್ಮದಲ್ಲ, ಇಲಾಖೆಯದು ಅಂತ ಬ್ಯಾಂಕು ಬರವಣಿಗೆಯಲ್ಲಿ ಕೊಟ್ಟಿದೆ. ಆ ಉತ್ತರವನ್ನೇ ಲಗತ್ತಿಸಿ ಇಲಾಖೆಯ ಮೇಲೆ ಎರಡನೇ ದೂರು ಹಾಕಿದೆ. ಸೇವಾ ಕಡತದಲ್ಲಿನ ಫಾರಂ 3 ನೋಡಿ ಅಂತ ಸ್ಪಷ್ಟವಾಗಿ ಬರೆದೆ.

ಅಲ್ಲಿಂದ ಫೋನೇ ಅವರ ಕಡೆಯಿಂದ ಬರಲು ಶುರುವಾಯಿತು. ಆ ವಿಭಾಗಕ್ಕೆ ಹೊಸದಾಗಿ ಬಂದಿದ್ದ ಒಬ್ಬ ಹೆಣ್ಣುಮಗಳು ಮಾತಾಡಿದಳು. "ಆಂಟಿ, ಫೈಲ್ ಸಿಕ್ತು. ಫಾರಂ 3 ಇದೆ. ಅದರಲ್ಲೂ ಹತ್ತು ಆರು ನಲವತ್ತೊಂದೇ ಇದೆ. ಅಂಕಲ್ ಹ್ಯಾಂಡ್‌ರೈಟಿಂಗ್ ತುಂಬಾ ಚೆನ್ನಾಗಿದೆ" ಅಂದಳು.

ಅಂದರೆ ಮಾವ ನಿವೃತ್ತಿಗೂ ಮುಂಚೆ ಬರೆದುಕೊಟ್ಟ ತಾರೀಖು ಅಷ್ಟೂ ವರ್ಷ ಸರ್ಕಾರದ ಬಳಿಯೇ ಇತ್ತು. ನಾವು ಹಳೇಬೀಡಿಗೆ ಹೋಗಿ ಗೆದ್ದಲು ಕೊಡವಿ ತಂದದ್ದು ಅವರ ಕಪಾಟಿನಲ್ಲೇ ಇದ್ದ ಮಾಹಿತಿಯನ್ನು. ಸಾಬೀತು ಮಾಡುವ ಹೊರೆ ಮಾತ್ರ ಎಂಬತ್ತು ದಾಟಿದ ಮುದುಕಿಯ ಮೇಲೆ. ನನಗೆ ಇವತ್ತಿಗೂ ಸಿಟ್ಟು ಇಳಿಯದೆ ಇರುವುದು ಇದೊಂದು ವಿಷಯಕ್ಕೆ.

ಮುಂದಿನದು ಕಡತದ ಪ್ರಯಾಣ. ಕಚೇರಿಯಿಂದ ವೇತನ ಮತ್ತು ಲೆಕ್ಕಪತ್ರ ಕಚೇರಿ, ಅಲ್ಲಿಂದ ದೆಹಲಿಯ ಕೇಂದ್ರ ಪಿಂಚಣಿ ಲೆಕ್ಕಪತ್ರ ಕಚೇರಿ, ಅಲ್ಲಿಂದ ಬ್ಯಾಂಕಿನ ಸಿಪಿಪಿಸಿ. ದೆಹಲಿ ಕಚೇರಿಯ ಜಾಲತಾಣದಲ್ಲಿ ಹನ್ನೆರಡು ಅಂಕಿಯ ಪಿಪಿಒ ನಂಬರ್ ಹಾಕಿದರೆ ಆದೇಶ ಯಾವಾಗ ಹೊರಟಿತು ಅಂತ ಗೊತ್ತಾಗುತ್ತದೆ. ಇದು ನಿಜಕ್ಕೂ ಉಪಯೋಗದ ವ್ಯವಸ್ಥೆ. 'ದೆಹಲಿಯಿಂದ ಬಂದಿಲ್ಲ' ಅಂತ ಬ್ಯಾಂಕಿನವರು ಹೇಳಿದಾಗ ಫೋನಿನಲ್ಲೇ ತೋರಿಸಿದೆ. ಮಾರನೇ ದಿನ ಆದೇಶ ಬಂದಿತ್ತು.

2025ರ ಫೆಬ್ರವರಿ ಕೊನೆಗೆ ದುಡ್ಡು ಬಿತ್ತು. ಮೆಸೇಜ್ ನೋಡಿದರೆ 95,580 ರೂಪಾಯಿ. ಮನೆಯಲ್ಲಿ ಎಲ್ಲರಿಗೂ ಖುಷಿ. ನನಗೆ ಆ ಅಂಕಿಯ ಮೇಲೆ ಅನುಮಾನ. 10,620ರ ಶೇ 20 ಅಂದರೆ 2,124. ಜೂನ್ 2021ರಿಂದ ಫೆಬ್ರವರಿ 2025ರವರೆಗೆ 45 ತಿಂಗಳು. 2,124ನ್ನು 45ರಿಂದ ಗುಣಿಸಿದರೆ ಸರಿಯಾಗಿ 95,580. ತುಟ್ಟಿಭತ್ಯೆ ಎಲ್ಲಿ? ಹೆಚ್ಚುವರಿ ಪಿಂಚಣಿಯ ಮೇಲೂ ತುಟ್ಟಿಭತ್ಯೆ ಸಿಗಬೇಕು. ಮುಂದಿನ ತಿಂಗಳುಗಳಿಗೆ ಅದು ಸೇರುವಂತೆ ಮಾಡಿದ್ದರು, ಹಳೇ ಬಾಕಿಗೆ ಮಾತ್ರ ಸೇರಿಸಿರಲಿಲ್ಲ.

ಒಂದು ಹಾಳೆಯಲ್ಲಿ ಕೋಷ್ಟಕ ಬರೆದೆ. ಕೊರೊನಾ ಕಾಲದಲ್ಲಿ ತುಟ್ಟಿಭತ್ಯೆ ಶೇ 17ಕ್ಕೆ ನಿಂತಿತ್ತು, ಹಾಗಾಗಿ 2021ರ ಜೂನ್ ಒಂದು ತಿಂಗಳಿಗೆ ಶೇ 17. ಜುಲೈನಿಂದ ಶೇ 31. 2022ರಲ್ಲಿ ಜನವರಿಯಿಂದ 34, ಜುಲೈನಿಂದ 38. 2023ರಲ್ಲಿ 42, 46. 2024ರಲ್ಲಿ 50, 53. 2025ರ ಮೊದಲೆರಡು ತಿಂಗಳಿಗೂ ಆಗ ಜಾರಿಯಲ್ಲಿದ್ದ 53. ಒಟ್ಟು ಮಾಡಿದರೆ 1,35,660ರ ಹತ್ತಿರ. ಕೊಟ್ಟಿದ್ದು ಕಳೆದರೆ ಇನ್ನೂ 40,080. ಟ್ಯೂಷನ್ನಿನ ಎಂಟನೇ ಕ್ಲಾಸಿನ ಹುಡುಗರ ಕೈಲಿ ಒಮ್ಮೆ ಸರಿನೋಡಿಸಿದೆ. ಶೇಕಡಾ ಲೆಕ್ಕ ಅವರಿಗೆ ಆಗ ತಾನೇ ನಡೆಯುತ್ತಿತ್ತು.

ಆ ಹಾಳೆ, ಜೊತೆಗೆ ಒಂದು ಪತ್ರ, ಶಾಖೆಯ ಮ್ಯಾನೇಜರಿಗೆ ಕೊಟ್ಟೆ. ಅವರು ತಮಿಳುನಾಡಿನವರು, ಕನ್ನಡ ಕಲಿಯುತ್ತಿದ್ದರು. ಹಾಳೆ ನೋಡಿ, "ಅಮ್ಮಾ, ನೀವು ಬ್ಯಾಂಕಲ್ಲಿ ಇರ್ಬೇಕಿತ್ತು" ಅಂದರು. ತಾವೇ ಸಿಪಿಪಿಸಿಗೆ ಮೇಲ್ ಮಾಡಿದರು. ಏಪ್ರಿಲ್ ಕೊನೆಗೆ ಉಳಿದದ್ದು ಬಂತು. ಅದರ ಜೊತೆ ಐನೂರು ಚಿಲ್ಲರೆ ಬೇರೆ ಬಂದಿತ್ತು. ಪಿಂಚಣಿ ಅಥವಾ ಬಾಕಿ ಹಾಕಲು ಬ್ಯಾಂಕು ತಡ ಮಾಡಿದರೆ ವರ್ಷಕ್ಕೆ ಶೇ 8ರಂತೆ ಪರಿಹಾರ ಕೊಡಬೇಕು, ಅದೂ ಪಿಂಚಣಿದಾರರು ಕೇಳದೆಯೇ, ಅಂತ ರಿಸರ್ವ್ ಬ್ಯಾಂಕಿನ ಸುತ್ತೋಲೆ ಇದೆ. 2008ರ ಅಕ್ಟೋಬರ್ 1ರಿಂದ ಈಚಿನ ಎಲ್ಲ ತಡಗಳಿಗೂ ಅದು ಅನ್ವಯ. ನಾನು ಪತ್ರದಲ್ಲಿ ಅದನ್ನು ಕೇಳಿದ್ದೆ. ಎರಡು ತಿಂಗಳ ತಡಕ್ಕೆ ಕೊಟ್ಟರು.

ಆದರೆ ಅದಕ್ಕೂ ಹಿಂದಿನ 45 ತಿಂಗಳಿಗೆ? ಏನೂ ಇಲ್ಲ. ಆದೇಶ ಕೈಗೆ ಬಂದ ಮೇಲಷ್ಟೇ ತಮ್ಮ ತಡ ಲೆಕ್ಕ ಅನ್ನುತ್ತದೆ ಬ್ಯಾಂಕು. ಅದು ನ್ಯಾಯವೇ. ಇಲಾಖೆಯನ್ನು ಕೇಳಿದರೆ, ಅರ್ಜಿ ಬಂದ ಮೇಲೆ ನಾವು ಮಾಡಿಕೊಟ್ಟಿದ್ದೇವಲ್ಲ ಅನ್ನುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಫಾರಂ 3 ಅವರ ಕಪಾಟಿನಲ್ಲಿತ್ತು.

ತೆರಿಗೆ ಬಗ್ಗೆ ಒಂದೇ ಮಾತು. ಅತ್ತೆಯ ವರ್ಷದ ಆದಾಯ ಬಾಕಿ ಸೇರಿಸಿದರೂ ತೆರಿಗೆಯ ಮಟ್ಟಕ್ಕೆ ಬರಲಿಲ್ಲ. ದೊಡ್ಡ ಪಿಂಚಣಿ ಇರುವವರು ಹಳೇ ವರ್ಷಗಳ ಬಾಕಿಗೆ ತೆರಿಗೆ ರಿಯಾಯಿತಿ ಕೇಳಬಹುದು.

ದುಡ್ಡು ಬಂದ ಮೇಲೆ ಅತ್ತೆ ಮೊದಲು ಮಾಡಿದ್ದು ಎರಡೂ ಕಣ್ಣಿನ ಪೊರೆ ತೆಗೆಸಿದ್ದು. ಮಗನಿಗೆ ಖರ್ಚಾಗುತ್ತದೆ ಅಂತ ಮುಂದೆ ಹಾಕುತ್ತಾ ಬಂದಿದ್ದರು ಅಂತ ನಮಗೆ ಆಗಲೇ ಗೊತ್ತಾಗಿದ್ದು. ಆಮೇಲೆ ಆ ಶಾಲೆಯ ಮುಖ್ಯ ಶಿಕ್ಷಕರಿಗೆ ಒಂದು ಕಬ್ಬಿಣದ ಬೀರು ಕೊಡಿಸಿದರು. "ಗೆದ್ದಲು ತಿಂದು ಹಾಕ್ತದೆ, ನನ್ನಂಥೋರು ಇನ್ನೂ ಇರ್ತಾರೆ" ಅಂದರು.

2026ರ ಜೂನ್‌ಗೆ ಅವರಿಗೆ 85. ಆಗ 2,124 ಹೋಗಿ 3,186 ಆಗಬೇಕು. ಈಗ ಆದೇಶದಲ್ಲಿ ದಿನಾಂಕ ಇದೆ, ತಾನಾಗಿ ಆಗಬೇಕು. ಆದರೂ ಆ ತಿಂಗಳ ಚೀಟಿ ನಾನು ನೋಡಿಯೇ ನೋಡುತ್ತೇನೆ.

ಚನ್ನರಾಯಪಟ್ಟಣದಲ್ಲಿ ಮಾವನ ಸಹೋದ್ಯೋಗಿಯೊಬ್ಬರಿದ್ದಾರೆ. ಗಂಡ ಹೆಂಡತಿ ಇಬ್ಬರೂ ಗಟ್ಟಿಯಾಗಿದ್ದಾರೆ. ಈ ಕಥೆ ಕೇಳಿ ಅವರು ತಮ್ಮ ಪಿಪಿಒ ತೆಗೆಸಿದರು. ಹೆಂಡತಿಯ ಹೆಸರಿದೆ, ದಿನಾಂಕ ಇಲ್ಲ. ಪಿಂಚಣಿದಾರರು ಇರುವಾಗಲೇ ಹೆಂಡತಿಯ ಹುಟ್ಟಿದ ದಿನಾಂಕ ಸೇರಿಸಲು ಅದೇ ಕಚೇರಿಗೆ ಅರ್ಜಿ ಕೊಡಬಹುದು. ಅವರ ಹೆಂಡತಿಯ ಪ್ಯಾನ್, ಆಧಾರ್ ಎರಡರಲ್ಲೂ ಒಂದೇ ತಾರೀಖು ಇರುವುದರಿಂದ ತಕರಾರು ಬರಲಿಕ್ಕಿಲ್ಲ. ಅರ್ಜಿ ನಾನೇ ಬರೆದುಕೊಟ್ಟೆ, ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ್ದಾರೆ.